ನ್ಯಾಯಾಧೀಶರ ಸಮ್ಮೇಳನವನ್ನು ಕರೆಯುವವರು ಯಾರು, ಅಲ್ಲಿನ ನಿರ್ಣಯಕ್ಕೆ ಬಲವೆಷ್ಟು?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ವಕೀಲಿ ವೃತ್ತಿಯಲ್ಲಿದ್ದೇನೆ. ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ, ಜಿಲ್ಲಾ ನ್ಯಾಯಾಧೀಶರ ಸಮ್ಮೇಳನ ಎಂಬ ಸುದ್ದಿಗಳನ್ನು ಆಗಾಗ ಓದುತ್ತೇನೆ. ಇವುಗಳನ್ನು ಯಾವ ಕಾನೂನಿನ ಅಡಿಯಲ್ಲಿ, ಯಾರು ಕರೆಯುತ್ತಾರೆ? ಅಲ್ಲಿ ಕೈಗೊಂಡ ನಿರ್ಣಯಗಳನ್ನು ನ್ಯಾಯಾಲಯಗಳು ಪಾಲಿಸಲೇಬೇಕೇ? ನಮ್ಮ ನ್ಯಾಯಾಲಯದಲ್ಲಿ ಸಮನ್ಸ್ ಜಾರಿಯಾಗದೆ ವರ್ಷಗಟ್ಟಲೆ ನಿಂತಿರುವ ದಾವೆಗಳಿಗೂ ಆ ನಿರ್ಣಯಗಳಿಗೂ ಏನಾದರೂ ಸಂಬಂಧವಿದೆಯೇ? ನಮ್ಮಂಥವರು ಅಲ್ಲಿಗೆ ಒಂದು ವಿಷಯವನ್ನು ಮುಟ್ಟಿಸಲು ದಾರಿ ಉಂಟೇ?

ಉತ್ತರ: ಕಾನೂನಿನ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಭಾರತದ ಮುಖ್ಯ ನ್ಯಾಯಮೂರ್ತಿಗಳು ಎಲ್ಲ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳನ್ನು ಸೇರಿಸಿ ನಡೆಸುವ ಸಮ್ಮೇಳನವನ್ನು ಸಂವಿಧಾನದ ಯಾವ ಅನುಚ್ಛೇದವೂ ಹೆಸರಿಸುವುದಿಲ್ಲ; ಅದನ್ನು ಕರೆಯಲೇಬೇಕೆಂದು ಸಂಸತ್ತಿನ ಯಾವ ಅಧಿನಿಯಮವೂ ಹೇಳುವುದಿಲ್ಲ. ಅದು ರೂಢಿಯಿಂದ ಬೆಳೆದು ಬಂದ ವ್ಯವಸ್ಥೆ. ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. 2016ರಲ್ಲಿ 38ನೆಯ ಸಮ್ಮೇಳನ ನಡೆದ ಮೇಲೆ 39ನೆಯದು ಸೇರಿದ್ದು 2022ರ ಏಪ್ರಿಲ್ 29ರಂದು. ನಡುವಿನ ಆರು ವರ್ಷ ಸಮ್ಮೇಳನ ಸೇರದಿದ್ದರಿಂದ ಯಾವ ನಿಯಮವೂ ಮುರಿಯಲಿಲ್ಲ. ಮುರಿಯುವುದಕ್ಕೆ ನಿಯಮವೇ ಇರಲಿಲ್ಲ.

ಹಾಗಾದರೆ ಇಂಥದ್ದೊಂದು ಸಮ್ಮೇಳನ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ನಮ್ಮ ನ್ಯಾಯಾಂಗದ ರಚನೆಯಲ್ಲಿಯೇ ಇದೆ. ಮೇಲ್ಮನವಿಯ ದೃಷ್ಟಿಯಿಂದ ನೋಡಿದರೆ ನಮ್ಮ ನ್ಯಾಯಾಲಯಗಳು ಒಂದರ ಮೇಲೊಂದು ಮೆಟ್ಟಿಲುಗಳಂತೆ ಇವೆ, ಮತ್ತು ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು 141ನೆಯ ಅನುಚ್ಛೇದದ ಪ್ರಕಾರ ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧ. ಆಡಳಿತದ ದೃಷ್ಟಿಯಿಂದ ಮಾತ್ರ ಈ ಮೆಟ್ಟಿಲುಸಾಲು ಉಚ್ಚ ನ್ಯಾಯಾಲಯಕ್ಕೆ ಬಂದು ನಿಲ್ಲುತ್ತದೆ. ತನ್ನ ವ್ಯಾಪ್ತಿಯ ನ್ಯಾಯಾಲಯಗಳ ಮೇಲ್ವಿಚಾರಣೆಯನ್ನೂ, ಅವುಗಳಿಂದ ತಖ್ತೆ (ಅಂಕಿಅಂಶದ ಪಟ್ಟಿ) ತರಿಸಿಕೊಳ್ಳುವ, ನಮೂನೆ ನಿಗದಿಪಡಿಸುವ, ಸಾಮಾನ್ಯ ನಿಯಮ ಮಾಡುವ ಅಧಿಕಾರವನ್ನೂ 227ನೆಯ ಅನುಚ್ಛೇದ ಉಚ್ಚ ನ್ಯಾಯಾಲಯಕ್ಕೆ ಕೊಡುತ್ತದೆ. ಜಿಲ್ಲಾ ನ್ಯಾಯಾಂಗದ ಅಧಿಕಾರಿಗಳ ಸ್ಥಳನಿಯುಕ್ತಿ, ಬಡ್ತಿ, ರಜೆಯನ್ನೂ ಒಳಗೊಂಡ ನಿಯಂತ್ರಣವನ್ನು 235ನೆಯ ಅನುಚ್ಛೇದ ಕೊಡುತ್ತದೆ. ಉಚ್ಚ ನ್ಯಾಯಾಲಯಗಳ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಇಂಥ ಆಡಳಿತಾಧಿಕಾರ ಕೊಡುವ ಅನುಚ್ಛೇದ ಸಂವಿಧಾನದಲ್ಲಿ ಇಲ್ಲ. ಆದ್ದರಿಂದ ಉಚ್ಚ ನ್ಯಾಯಾಲಯದ ಒಂದು ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಒಂದೇ ವಾಕ್ಯದಲ್ಲಿ ರದ್ದುಮಾಡಬಹುದಾದರೂ, ಐದು ವರ್ಷ ದಾಟಿದ ದಾವೆಗಳ ಪಟ್ಟಿಯನ್ನು ನಿಮ್ಮ ಜಿಲ್ಲೆಗಳಲ್ಲಿ ಇಂಥ ನಮೂನೆಯಲ್ಲೇ ಇಡಿ ಎಂದು ಅದೇ ಉಚ್ಚ ನ್ಯಾಯಾಲಯಕ್ಕೆ ಕಚೇರಿಯ ಆದೇಶವೊಂದನ್ನು ಕಳುಹಿಸುವ ಅಧಿಕಾರ ಅದಕ್ಕಿಲ್ಲ. ರಿಟ್ ಅರ್ಜಿಯ ವಿಚಾರಣೆಯಲ್ಲಿ ನಿರ್ದೇಶನ ಕೊಡುವುದು ಒಂದು ದಾರಿ. ಸೇರಿ ಕುಳಿತು ಒಪ್ಪಿಸುವುದು ಇನ್ನೊಂದು ದಾರಿ. ಆ ಎರಡನೆಯ ದಾರಿಯೇ ಸಮ್ಮೇಳನ.

ಈ ರೂಢಿಯ ಬೇರು ಗಣರಾಜ್ಯಕ್ಕಿಂತ ಹಿಂದಿನದು. 1948ರ ಮಾರ್ಚ್‌ನಲ್ಲಿ, ಸಂವಿಧಾನದ ಕರಡು ಇನ್ನೂ ಚರ್ಚೆಯಲ್ಲಿದ್ದಾಗ, ಸರ್ವೋಚ್ಚ ನ್ಯಾಯಾಲಯಕ್ಕೆ ಮುಂಚೆ ಇದ್ದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿಗಳೂ ಪ್ರಾಂತ್ಯಗಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳೂ ಸೇರಿ, ನ್ಯಾಯಾಂಗಕ್ಕೆ ಸಂಬಂಧಿಸಿದ ವಿಧಿಗಳ ಬಗ್ಗೆ ತಮ್ಮ ಅಭಿಪ್ರಾಯವನ್ನು ಜ್ಞಾಪನಪತ್ರದ ರೂಪದಲ್ಲಿ ಕೊಟ್ಟರು. ಈಗಿನ ಸರಣಿಯ ಮೊದಲ ಸಮ್ಮೇಳನ ನಡೆದದ್ದು 1953ರ ನವೆಂಬರ್‌ನಲ್ಲಿ. ಆಗ ಪತಂಜಲಿ ಶಾಸ್ತ್ರಿಗಳು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು.

ಹೋಲಿಕೆಗಾಗಿ ಅಮೆರಿಕದ ವ್ಯವಸ್ಥೆಯನ್ನು ನೋಡಬಹುದು, ಏಕೆಂದರೆ ಅಲ್ಲಿ ಇದೇ ಕೆಲಸವನ್ನು ಕಾನೂನಿನ ಬಲದಿಂದ ಮಾಡುತ್ತಾರೆ. ಮುಖ್ಯ ನ್ಯಾಯಮೂರ್ತಿ ವಿಲಿಯಂ ಹೊವಾರ್ಡ್ ಟ್ಯಾಫ್ಟ್ ಅವರ ಒತ್ತಾಸೆಯಿಂದ 1922ರಲ್ಲಿ ಅಲ್ಲಿನ ಕಾಂಗ್ರೆಸ್ ಹಿರಿಯ ಸರ್ಕ್ಯೂಟ್ (ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯ) ನ್ಯಾಯಾಧೀಶರ ಸಮ್ಮೇಳನವನ್ನು ಸ್ಥಾಪಿಸಿತು. 1948ರಲ್ಲಿ ಅದಕ್ಕೆ ಜುಡಿಶಿಯಲ್ ಕಾನ್ಫರೆನ್ಸ್ ಎಂಬ ಈಗಿನ ಹೆಸರು ಬಂತು, 1957ರಲ್ಲಿ ಜಿಲ್ಲಾ ನ್ಯಾಯಾಧೀಶರಿಗೂ ಪ್ರಾತಿನಿಧ್ಯ ಸಿಕ್ಕಿತು. ಅದನ್ನು ವರ್ಷಕ್ಕೊಮ್ಮೆಯಾದರೂ ಕರೆಯುವುದು ಮುಖ್ಯ ನ್ಯಾಯಮೂರ್ತಿಗಳ ಶಾಸನಬದ್ಧ ಕರ್ತವ್ಯ, ಕರೆದಾಗ ಹೋಗುವುದು ಸದಸ್ಯ ನ್ಯಾಯಾಧೀಶರ ಕರ್ತವ್ಯ. ವಾಸ್ತವದಲ್ಲಿ ಅದು ವರ್ಷಕ್ಕೆ ಎರಡು ಬಾರಿ ಸೇರುತ್ತದೆ. ಆದರೆ ನನ್ನ ಗಮನ ಸೆಳೆಯುವುದು ಕರೆಯುವ ಕಡ್ಡಾಯಕ್ಕಿಂತ, ಎರಡು ಸಭೆಗಳ ನಡುವೆ ಅಲ್ಲಿ ನಡೆಯುವ ಕೆಲಸ. ವಿಷಯವಾರು ಸಮಿತಿಗಳು ವರ್ಷವಿಡೀ ಕೆಲಸ ಮಾಡುತ್ತವೆ, 1939ರಲ್ಲಿ ಸ್ಥಾಪಿತವಾದ ಆಡಳಿತ ಕಚೇರಿಯೊಂದು ಅಂಕಿಅಂಶ ಮತ್ತು ಆಯವ್ಯಯವನ್ನು ಸಿದ್ಧಪಡಿಸುತ್ತದೆ, ಸಮ್ಮೇಳನದ ದಿನ ನ್ಯಾಯಾಧೀಶರು ಬಹುಪಾಲು ಸಿದ್ಧವಾಗಿರುವ ವರದಿಗಳ ಮೇಲೆ ತೀರ್ಮಾನ ಮಾಡುತ್ತಾರೆ. ನಮ್ಮಲ್ಲಿ ಆ ಸಿದ್ಧತೆಯ ಭಾರವೆಲ್ಲ ಸಮ್ಮೇಳನಕ್ಕೆ ಮುಂಚಿನ ಕೆಲವೇ ವಾರಗಳ ಮೇಲೆ, ಬೇರೆ ನೂರು ಕೆಲಸಗಳಿರುವ ರಿಜಿಸ್ಟ್ರಿಯ, ಅಂದರೆ ನ್ಯಾಯಾಲಯದ ಆಡಳಿತ ಕಚೇರಿಯ ಮೇಲೆ ಬೀಳುತ್ತದೆ.

ಆ ಕೆಲವು ವಾರಗಳಲ್ಲಿ ಏನಾಗುತ್ತದೆ ಎಂಬುದನ್ನು, ಉಚ್ಚ ನ್ಯಾಯಾಲಯವೊಂದರ ರಿಜಿಸ್ಟ್ರಿಯಲ್ಲಿ ಕಾರ್ಯಸೂಚಿಯ ಟಿಪ್ಪಣಿಗಳನ್ನು ಬರೆದ ಅನುಭವದಿಂದ ಹೇಳುತ್ತೇನೆ. ಸಮ್ಮೇಳನದ ದಿನಾಂಕವನ್ನು ಭಾರತದ ಮುಖ್ಯ ನ್ಯಾಯಮೂರ್ತಿಗಳು ನಿಗದಿಪಡಿಸಿದ ಮೇಲೆ, ಸರ್ವೋಚ್ಚ ನ್ಯಾಯಾಲಯದ ರಿಜಿಸ್ಟ್ರಿಯಿಂದ ಈಗಿರುವ 25 ಉಚ್ಚ ನ್ಯಾಯಾಲಯಗಳಿಗೂ ಪತ್ರ ಹೋಗುತ್ತದೆ. ಪತ್ರದಲ್ಲಿ ಎರಡು ಕೇಳಿಕೆಗಳು ಇರುತ್ತವೆ: ಚರ್ಚೆಗೆ ತೆಗೆದುಕೊಳ್ಳಬೇಕಾದ ವಿಷಯಗಳು ಯಾವುವು, ಮತ್ತು ಹಿಂದಿನ ಸಮ್ಮೇಳನದ ನಿರ್ಣಯಗಳ ಮೇಲೆ ಕೈಗೊಂಡ ಕ್ರಮವೇನು. ಉಚ್ಚ ನ್ಯಾಯಾಲಯದಲ್ಲಿ ಆ ಪತ್ರ ರಿಜಿಸ್ಟ್ರಾರ್ ಜನರಲ್ ಅವರ ಮೇಜಿಗೆ ಬಂದು, ಅಲ್ಲಿಂದ ಶಾಖೆಗಳಿಗೆ ಹರಿದು, ಜಿಲ್ಲೆಗಳಿಂದ ಅಂಕಿಅಂಶ ತರಿಸಿಕೊಂಡು, ಮುಖ್ಯ ನ್ಯಾಯಮೂರ್ತಿಗಳ ಅಥವಾ ಸಂಬಂಧಪಟ್ಟ ಸಮಿತಿಯ ಒಪ್ಪಿಗೆ ಪಡೆದು ಮರಳುತ್ತದೆ. ಎಲ್ಲ ಕಡೆಯಿಂದ ಬಂದದ್ದನ್ನು ಸೋಸಿ, ಒಂದೇ ಬಗೆಯವನ್ನು ಕೂಡಿಸಿ ಕಾರ್ಯಸೂಚಿ ತಯಾರಾಗುತ್ತದೆ. ಖಾಲಿ ಹುದ್ದೆಗಳು, ಕಟ್ಟಡಗಳು, ಬಾಕಿ ಪ್ರಕರಣಗಳು, ಗಣಕೀಕರಣ, ನ್ಯಾಯಾಂಗ ಅಕಾಡೆಮಿಗಳ ತರಬೇತಿ, ವೇತನ ಮತ್ತು ನಿವೃತ್ತಿ ಸೌಲಭ್ಯ, ಕಾನೂನು ನೆರವು: ವಿಷಯಗಳ ಪಟ್ಟಿ ಸಮ್ಮೇಳನದಿಂದ ಸಮ್ಮೇಳನಕ್ಕೆ ಬಹಳ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಟಿಪ್ಪಣಿಯ ಗುಣ, ಮತ್ತು ಸಮ್ಮೇಳನದ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. "ಬಾಕಿ ಪ್ರಕರಣಗಳನ್ನು ತಗ್ಗಿಸುವುದು" ಎಂಬ ಶೀರ್ಷಿಕೆಯಡಿ ಎರಡು ಪುಟ ಅಂಕಿಅಂಶ ತುಂಬಿ ಕಳುಹಿಸಿದರೆ ಸಿಗುವ ನಿರ್ಣಯ "ಬಾಕಿ ಪ್ರಕರಣಗಳನ್ನು ತಗ್ಗಿಸಲು ಎಲ್ಲ ಉಚ್ಚ ನ್ಯಾಯಾಲಯಗಳೂ ಶ್ರಮಿಸತಕ್ಕದ್ದು" ಎಂಬುದೇ. ಅಂಥ ಟಿಪ್ಪಣಿಗಳನ್ನು ನಾನೂ ಬರೆದಿದ್ದೇನೆ. ಸಮಯವಿರಲಿಲ್ಲ ಎಂಬುದು ಸಮಜಾಯಿಷಿಯಾಗುವುದಿಲ್ಲ.

ಸಮ್ಮೇಳನವನ್ನು ಯಾವಾಗ ಕರೆಯಬೇಕೆಂಬುದೂ ಸಣ್ಣ ವಿಷಯವಲ್ಲ. ಕೆಲಸದ ದಿನ ಕರೆದರೆ ಪೀಠಗಳು ಖಾಲಿ ಬೀಳುತ್ತವೆ, ರಜೆಯ ದಿನ ಕರೆದರೆ ರಜೆ ಯಾರದೆಂಬ ಪ್ರಶ್ನೆ ಬರುತ್ತದೆ. 2015ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರು ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ ಸಮ್ಮೇಳನ ಗುಡ್ ಫ್ರೈಡೇ ದಿನ ಆರಂಭವಾಗುವಂತೆ ಗೊತ್ತಾಗಿ, ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅವರು ಅದಕ್ಕೆ ಆಕ್ಷೇಪಿಸಿ ಪತ್ರ ಬರೆದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ವಿವಾದ ಎಲ್ಲರಿಗೂ ನೆನಪಿದೆ. ಅದೇ ಸಮ್ಮೇಳನದ ಒಂದು ನಿರ್ಣಯದ ಫಲವಾಗಿ ಉಚ್ಚ ನ್ಯಾಯಾಲಯಗಳಲ್ಲಿ, ಐದು ವರ್ಷಕ್ಕಿಂತ ಹಳೆಯ ಪ್ರಕರಣಗಳ ವಿಲೇವಾರಿಗಾಗಿ ಬಾಕಿ ಪ್ರಕರಣಗಳ ಸಮಿತಿಗಳು ರಚನೆಯಾದವು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಈ ಉದಾಹರಣೆ ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ನಿರ್ಣಯಗಳು ಬದ್ಧವೇ ಎಂಬುದಕ್ಕೆ ಪ್ರವೇಶಿಕೆಯಾಗಲಿ. ಸಮ್ಮೇಳನದ ನಿರ್ಣಯ ಕಾನೂನಲ್ಲ, ತೀರ್ಪಲ್ಲ. ಅದನ್ನು ಪಾಲಿಸಲಿಲ್ಲವೆಂದು ಯಾರೂ ನ್ಯಾಯಾಲಯದ ಮೆಟ್ಟಿಲೇರಿ ಜಾರಿ ಮಾಡಿಸಿಕೊಳ್ಳಲಾಗದು. ಆದರೂ ಕೆಲವು ನಿರ್ಣಯಗಳು ಬೇರು ಬಿಟ್ಟು ಕಾನೂನಿನವರೆಗೂ ಬೆಳೆದಿವೆ, ಕೆಲವು ನಡಾವಳಿ ಪುಸ್ತಕದಲ್ಲಿಯೇ ಉಳಿದಿವೆ, ಮತ್ತು ಯಾವುದು ಬೆಳೆಯಿತು ಯಾವುದು ಒಣಗಿತು ಎಂಬುದಕ್ಕೆ ಒಂದು ಕ್ರಮ ಕಾಣುತ್ತದೆ. ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದ ಶಿಫಾರಸಿನ ಮೇಲೆಯೇ ಕೇಂದ್ರ ಸರ್ಕಾರ ಬಾಕಿ ಪ್ರಕರಣಗಳ ಸಮಿತಿಯೊಂದನ್ನು ನೇಮಿಸಿತು. ಕರ್ನಾಟಕದವರಾದ ನ್ಯಾಯಮೂರ್ತಿ ವಿ.ಎಸ್. ಮಳೀಮಠ ಅವರು ಆಗ ಕೇರಳದ ಮುಖ್ಯ ನ್ಯಾಯಮೂರ್ತಿಗಳಾಗಿದ್ದು ಅದರ ಅಧ್ಯಕ್ಷತೆ ವಹಿಸಿ 1990ರಲ್ಲಿ ವರದಿ ಕೊಟ್ಟರು. 1993ರ ಡಿಸೆಂಬರ್ 4ರಂದು ದೆಹಲಿಯಲ್ಲಿ ಮುಖ್ಯಮಂತ್ರಿಗಳೂ ಮುಖ್ಯ ನ್ಯಾಯಮೂರ್ತಿಗಳೂ ಜಂಟಿಯಾಗಿ ಸೇರಿದಾಗ, ಕನ್ನಡಿಗರೇ ಆದ ಎಂ.ಎನ್. ವೆಂಕಟಾಚಲಯ್ಯನವರು ಭಾರತದ ಮುಖ್ಯ ನ್ಯಾಯಮೂರ್ತಿಗಳು, ಪಿ.ವಿ. ನರಸಿಂಹರಾಯರು ಪ್ರಧಾನಿ. ನ್ಯಾಯದಾನದ ಇಡೀ ಹೊರೆಯನ್ನು ನ್ಯಾಯಾಲಯಗಳು ಮಾತ್ರ ಹೊರಲಾರವು, ಮಧ್ಯಸ್ಥಿಕೆ ಮತ್ತು ಸಂಧಾನದ ಮಾರ್ಗಗಳು ಬೇಕು ಎಂದು ಅಲ್ಲಿ ಒಪ್ಪಿಕೊಂಡದ್ದು, 1996ರ ಮಧ್ಯಸ್ಥಿಕೆ ಮತ್ತು ಸಂಧಾನ (ಆರ್ಬಿಟ್ರೇಷನ್ ಅಂಡ್ ಕನ್ಸಿಲಿಯೇಷನ್) ಅಧಿನಿಯಮಕ್ಕೂ, 2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣಕ್ಕೂ (ದಾವೆಯನ್ನು ನ್ಯಾಯಾಲಯದ ಹೊರಗಿನ ಇತ್ಯರ್ಥಕ್ಕೆ ಕಳುಹಿಸುವ ಸೆಕ್ಷನ್) ನೆಲ ಹದಮಾಡಿತು. ಇಂದು ನೀವು ನಿಮ್ಮ ಕಕ್ಷಿದಾರರನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕರೆದೊಯ್ಯುವಾಗ ಆ ಸಮ್ಮೇಳನದ ನೆರಳಿನಲ್ಲಿಯೇ ನಡೆಯುತ್ತಿದ್ದೀರಿ.

ನ್ಯಾಯಾಧೀಶರ ನಡವಳಿಕೆಯ ವಿಷಯದಲ್ಲೂ ಹೀಗೆಯೇ. 1997ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ಎಲ್ಲ ನ್ಯಾಯಮೂರ್ತಿಗಳ ಸಭೆ, ಅಂದರೆ ಫುಲ್ ಕೋರ್ಟ್, ನ್ಯಾಯಾಂಗ ಜೀವನದ ಮೌಲ್ಯಗಳನ್ನು ಕುರಿತ ಒಂದು ಹೇಳಿಕೆಯನ್ನು ಅಂಗೀಕರಿಸಿತು, 1999ರ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಅದನ್ನು ತನ್ನದಾಗಿಸಿಕೊಂಡಿತು. ಶಾಸನದ ಬಲವಿಲ್ಲದ ಸಭೆಯೂ ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ಬೆಂಗಳೂರಿನ ಹೆಸರು ಹೊತ್ತ ನಿದರ್ಶನವೂ ಇದೆ: 2001ರ ಫೆಬ್ರವರಿಯಲ್ಲಿ ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳು ಇಲ್ಲಿ ಸೇರಿ ರೂಪಿಸಿದ ಕರಡು, ಮರುವರ್ಷ ಹೇಗ್‌ನಲ್ಲಿ ಪರಿಷ್ಕಾರಗೊಂಡು ನ್ಯಾಯಾಧೀಶರ ನಡವಳಿಕೆಯ ಬೆಂಗಳೂರು ತತ್ತ್ವಗಳೆಂದು ಪ್ರಸಿದ್ಧವಾಯಿತು.

ಇವೆಲ್ಲವುಗಳಲ್ಲಿ ಸಮಾನವಾದ ಅಂಶವೇನೆಂದರೆ, ಒಂದೋ ನಿರ್ಣಯವನ್ನು ನೆರವೇರಿಸುವ ಶಕ್ತಿ ಆ ಕೋಣೆಯಲ್ಲಿ ಕುಳಿತವರ ಕೈಯಲ್ಲಿಯೇ ಇತ್ತು, ಇಲ್ಲವೇ ಮುಂದಿನ ಹೆಜ್ಜೆಯನ್ನು ಹಾಕಲು ಹೊರಗೊಬ್ಬರು ಸಿದ್ಧರಿದ್ದರು. ಬಾಕಿ ಪ್ರಕರಣಗಳ ಸಮಿತಿ ರಚಿಸಲು ಮುಖ್ಯ ನ್ಯಾಯಮೂರ್ತಿಗಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಣ ಬೇಕಾದ ಕಡೆ ಕಥೆ ಬೇರೆಯಾಗುತ್ತದೆ. ಹತ್ತು ಲಕ್ಷ ಜನಸಂಖ್ಯೆಗೆ 50 ನ್ಯಾಯಾಧೀಶರು ಇರಬೇಕೆಂದು ಕಾನೂನು ಆಯೋಗ ತನ್ನ 120ನೆಯ ವರದಿಯಲ್ಲಿ ಶಿಫಾರಸು ಮಾಡಿದ್ದು 1987ರಲ್ಲಿ. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ, ಅದನ್ನು ಐದು ವರ್ಷಗಳಲ್ಲಿ ಸಾಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದ್ದು 2002ರಲ್ಲಿ. 2016ರ ಏಪ್ರಿಲ್ 24ರ ಜಂಟಿ ಸಮ್ಮೇಳನದಲ್ಲಿ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರು ಪ್ರಧಾನಿಯವರ ಎದುರಿನಲ್ಲಿ ಇದೇ ಸಂಖ್ಯೆಯನ್ನು ಪ್ರಸ್ತಾಪಿಸುತ್ತ ಗದ್ಗದಿತರಾದದ್ದನ್ನು ದೇಶವೆಲ್ಲ ನೋಡಿತು. ಮಂಜೂರಾದ ಹುದ್ದೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಆ ಪ್ರಮಾಣ ಈಗ 21ರ ಆಸುಪಾಸಿನಲ್ಲಿಯೇ ಇದೆ. ಆಯೋಗದ ವರದಿ, ನ್ಯಾಯಾಲಯದ ಆದೇಶ, ಮುಖ್ಯ ನ್ಯಾಯಮೂರ್ತಿಗಳ ಕಣ್ಣೀರು ಮೂರೂ ಸೇರಿ ಅಲುಗಿಸದ ಕಲ್ಲನ್ನು ಒಂದು ನಿರ್ಣಯ ಅಲುಗಿಸೀತೆಂದು ನಿರೀಕ್ಷಿಸುವುದು ತಪ್ಪು.

ಜಂಟಿ ಸಮ್ಮೇಳನ ಎಂದೆನಲ್ಲ, ಅದು ಬೇರೆಯದೇ ಸಭೆ ಎಂಬುದನ್ನು ಸ್ಪಷ್ಟಪಡಿಸಬೇಕು. ಮುಖ್ಯ ನ್ಯಾಯಮೂರ್ತಿಗಳು ತಮ್ಮತಮ್ಮಲ್ಲಿ ಚರ್ಚಿಸಿದ ಮೇಲೆ, ಸಾಮಾನ್ಯವಾಗಿ ಮರುದಿನ, ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯ ಏರ್ಪಾಡಿನಲ್ಲಿ ಮುಖ್ಯಮಂತ್ರಿಗಳೊಂದಿಗೆ ಸೇರುವ ಸಭೆ ಅದು, ಪ್ರಧಾನಿಯವರು ಉದ್ಘಾಟಿಸುತ್ತಾರೆ. 2022ರ ಏಪ್ರಿಲ್ 30ರಂದು ವಿಜ್ಞಾನ ಭವನದಲ್ಲಿ ನಡೆದದ್ದು ಈ ಬಗೆಯ 11ನೆಯ ಸಭೆ. ಟೆಲಿವಿಷನ್‌ನಲ್ಲಿ ಕಾಣುವುದು ಉದ್ಘಾಟನೆಯ ಭಾಷಣಗಳು ಮಾತ್ರ, ನಿಜವಾದ ಕೆಲಸ ಬಾಗಿಲು ಮುಚ್ಚಿದ ಮೇಲಿನದು. ಆ ವರ್ಷ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ನ್ಯಾಯಾಲಯಗಳ ಕಟ್ಟಡ ಮತ್ತು ಸೌಕರ್ಯಗಳಿಗಾಗಿ ರಾಷ್ಟ್ರಮಟ್ಟದ ಪ್ರಾಧಿಕಾರವೊಂದನ್ನು ಪ್ರತಿಪಾದಿಸಿದ್ದರು; ಕೆಲವು ಮುಖ್ಯಮಂತ್ರಿಗಳು ಒಪ್ಪದ್ದರಿಂದ ಅದು ರಾಜ್ಯಮಟ್ಟದ ಮಂಡಳಿಗಳ ಯೋಚನೆಯಾಗಿ ಇಳಿಯಿತು. ಇದನ್ನು ಸೋಲೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಟ್ಟಡದ ವೆಚ್ಚದಲ್ಲಿ ರಾಜ್ಯದ ಪಾಲಿದೆ, ಜಮೀನು ರಾಜ್ಯದ್ದು, ಲೋಕೋಪಯೋಗಿ ಇಲಾಖೆ ರಾಜ್ಯದ್ದು. ಹಣದ ಕೀಲಿಕೈ ಹಿಡಿದವರು ಮುಖಾಮುಖಿ ಕುಳಿತು ಇಷ್ಟು ಮಾಡುತ್ತೇವೆ, ಇಷ್ಟು ಮಾಡಲಾರೆವು ಎಂದು ಹೇಳುವ ಸ್ಥಳ ಇದೊಂದೇ. ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಂಡರೆ ಮುಂದೆ ಪತ್ರವ್ಯವಹಾರಕ್ಕೆ ಅದೇ ಆಧಾರ.

ಇನ್ನು ರಾಜ್ಯದೊಳಗಿನ ಸಮ್ಮೇಳನಗಳಿಗೆ ಬರುತ್ತೇನೆ. ನಿಮ್ಮ ದಾವೆಗಳಿಗೆ ನೇರವಾಗಿ ಸಂಬಂಧಿಸಿದ್ದು ಇವೇ. ಪ್ರಧಾನ ಜಿಲ್ಲಾ ನ್ಯಾಯಾಧೀಶರ ಸಭೆಯನ್ನಾಗಲಿ, ರಾಜ್ಯದ ಎಲ್ಲ ನ್ಯಾಯಾಂಗ ಅಧಿಕಾರಿಗಳ ಸಮ್ಮೇಳನವನ್ನಾಗಲಿ ಕರೆಯುವವರು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು. ಇಲ್ಲಿ 227 ಮತ್ತು 235ನೆಯ ಅನುಚ್ಛೇದಗಳ ಅಧಿಕಾರ ಬೆನ್ನಿಗಿರುವುದರಿಂದ, ತೀರ್ಮಾನವಾದದ್ದು ಸುತ್ತೋಲೆಯಾಗಿ ಹೊರಟರೆ ಮರುವಾರದಿಂದಲೇ ಎಲ್ಲ ನ್ಯಾಯಾಲಯಗಳೂ ಪಾಲಿಸಬೇಕು. ಪ್ರಕ್ರಿಯೆಯ ನಿಯಮವನ್ನೇ ಬದಲಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 122ನೆಯ ಪ್ರಕರಣದಂತೆ ಉಚ್ಚ ನ್ಯಾಯಾಲಯ ನಿಯಮ ಮಾಡಿ, ರಾಜ್ಯ ಸರ್ಕಾರದ ಪೂರ್ವಾನುಮೋದನೆ ಪಡೆದು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ದಾವೆಗಳನ್ನು ವರ್ಗಗಳಾಗಿ ವಿಂಗಡಿಸಿ ಹಂತಹಂತಕ್ಕೆ ಕಾಲಮಿತಿ ಹಾಕಿದ ಕರ್ನಾಟಕದ 2005ರ ಪ್ರಕರಣ ನಿರ್ವಹಣಾ ನಿಯಮಗಳು ನಿಮಗೆ ಗೊತ್ತಿರುವ ಉದಾಹರಣೆ. ಅವು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ವಿಚಿತ್ರವೆಂದರೆ, ದೆಹಲಿಯ ಸಮ್ಮೇಳನಕ್ಕೂ ಇದಕ್ಕೂ ಬಲಾಬಲಗಳು ತಿರುವುಮುರುವಾಗಿವೆ. ಅಲ್ಲಿ ಸೇರುವವರು ಬಹುಮಟ್ಟಿಗೆ ಸಮಾನರು. ಮನಬಿಚ್ಚಿ ಮಾತನಾಡುತ್ತಾರೆ, ಆದರೆ ಆದದ್ದನ್ನು ಆಜ್ಞೆಯಾಗಿಸಲು ಅಧಿಕಾರವಿಲ್ಲ. ಇಲ್ಲಿ ಅಧಿಕಾರವಿದೆ, ಮಾತು ಇಲ್ಲ. ಮುಂದಿನ ಸಾಲಿನಲ್ಲಿ ಕುಳಿತ ನ್ಯಾಯಮೂರ್ತಿಗಳು ತನ್ನ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿಗಳು (ಜಿಲ್ಲೆಯ ಉಸ್ತುವಾರಿ ಹೊತ್ತ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು), ತನ್ನ ಗೋಪ್ಯ ವರದಿಯನ್ನು ಬರೆಯುವವರು, ವರ್ಗಾವಣೆಯ ಕಡತ ಹೋಗುವುದು ಅವರಿರುವ ಸಮಿತಿಯ ಮುಂದೆ ಎಂಬುದು ಗೊತ್ತಿದ್ದಾಗ, ಕಿರಿಯ ಸಿವಿಲ್ ನ್ಯಾಯಾಧೀಶರೊಬ್ಬರು ಎದ್ದು ನಿಂತು ತಮ್ಮ ಮೇಲೆ ಹೇರಿದ ವಿಲೇವಾರಿಯ ಯೂನಿಟ್ ಲೆಕ್ಕ (ಮುಗಿಸಿದ ಪ್ರಕರಣಗಳಿಗೆ ಅಂಕ ಕೊಡುವ ಲೆಕ್ಕ) ಅವೈಜ್ಞಾನಿಕವಾಗಿದೆ ಎಂದು ಹೇಳುತ್ತಾರೆಯೇ? ನಾನು ಕಂಡ ಒಂದು ಸಭೆಯಲ್ಲಿ ಮುಕ್ತ ಚರ್ಚೆಗೆಂದು ಇಟ್ಟಿದ್ದ ಒಂದು ಗಂಟೆಯ ಅವಧಿ ವಂದನಾರ್ಪಣೆಯಂತಹ ಮಾತುಗಳಲ್ಲಿ ಮುಗಿಯಿತು. ಅದೇ ದಿನ ಊಟದ ಹೊತ್ತಿಗೆ, ಕೈಯಲ್ಲಿ ತಟ್ಟೆ ಹಿಡಿದು ನಿಂತ ಅದೇ ಅಧಿಕಾರಿಗಳು ಬೆರಳಚ್ಚುಗಾರರ ಕೊರತೆ, ದಾಖಲೆ ಕೊಠಡಿಯ ಗೆದ್ದಲು, ವಿಲೇವಾರಿಯಾಗದೆ ರಾಶಿಬಿದ್ದ ಮುದ್ದೆಮಾಲು (ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳು), ನಕಲು ಶಾಖೆಯ ಯಂತ್ರ ಕೆಟ್ಟು ತಿಂಗಳುಗಳಾದದ್ದು ಎಲ್ಲವನ್ನೂ ಸ್ಪಷ್ಟವಾಗಿ, ಪರಿಹಾರ ಸಮೇತ ಹೇಳುತ್ತಿದ್ದರು. ಆ ಮಾತುಗಳನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಇದಕ್ಕೆ ಮದ್ದು ಸಭೆಯ ಏರ್ಪಾಡಿನಲ್ಲಿಯೇ ಇದೆ. ಅಧಿಕಾರಿಗಳಿಂದ ಹೆಸರು ಕಾಣಿಸದ ಲಿಖಿತ ಸಲಹೆಗಳನ್ನು ನ್ಯಾಯಾಂಗ ಅಕಾಡೆಮಿಯ ಮೂಲಕ ಮುಂಚಿತವಾಗಿ ತರಿಸಬೇಕು. ಹದಿನೈದಿಪ್ಪತ್ತು ಜನರ ಗುಂಪುಗಳನ್ನು ಮಾಡಿ, ಆಯಾ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿಗಳು ತಮ್ಮ ಜಿಲ್ಲೆಯವರ ಗುಂಪಿನಲ್ಲಿ ಇರದಂತೆ ನೋಡಿಕೊಳ್ಳಬೇಕು. ಮಾತು ಅತ್ಯಂತ ಕಿರಿಯರಿಂದ ಆರಂಭವಾಗಬೇಕು, ಏಕೆಂದರೆ ಹಿರಿಯರು ಒಮ್ಮೆ ಅಭಿಪ್ರಾಯ ಹೇಳಿದ ಮೇಲೆ ಕಿರಿಯರದು ಬರೀ ಅನುಮೋದನೆಯಾಗುತ್ತದೆ. ಜಿಲ್ಲಾ ಮಟ್ಟದ ಅಧಿಕಾರಿಗಳ ದನಿಗೆ ರಾಷ್ಟ್ರಮಟ್ಟದಲ್ಲೂ ಜಾಗ ಬೇಕೆಂಬ ಅರಿವು ಇತ್ತೀಚೆಗೆ ಮೂಡಿದೆ. ಸರ್ವೋಚ್ಚ ನ್ಯಾಯಾಲಯದ 75ನೆಯ ವರ್ಷದ ಅಂಗವಾಗಿ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ದೆಹಲಿಯ ಭಾರತ ಮಂಡಪದಲ್ಲಿ ಜಿಲ್ಲಾ ನ್ಯಾಯಾಂಗದ್ದೇ ರಾಷ್ಟ್ರೀಯ ಸಮ್ಮೇಳನ ನಡೆದು, ಸಮಾರೋಪದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಮುಂದೂಡಿಕೆಯ ಸಂಸ್ಕೃತಿಯ ಬಗ್ಗೆ ನೇರವಾಗಿಯೇ ಮಾತನಾಡಿದರು.

ಈಗ ನಿಮ್ಮ ಸಮನ್ಸ್ ವಿಷಯ. ಒಂದು ಒಳ್ಳೆಯ ಕಾರ್ಯಸೂಚಿಯ ಟಿಪ್ಪಣಿ ಹೇಗಿರಬೇಕೆಂದು ತೋರಿಸಲು ಇದಕ್ಕಿಂತ ತಕ್ಕ ಉದಾಹರಣೆ ಸಿಗದು. "ಸಮನ್ಸ್ ಜಾರಿಯಲ್ಲಿ ವಿಳಂಬ" ಎಂದು ಬರೆದರೆ ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ವಿಳಂಬ ಎಲ್ಲಿ ಹುಟ್ಟುತ್ತಿದೆ ಎಂದು ಬಿಡಿಸಿ ನೋಡಬೇಕು. ವಾದಿಯ ಕಡೆಯವರು ಪ್ರೊಸೆಸ್ ಶುಲ್ಕ (ಸಮನ್ಸ್ ಕಳುಹಿಸುವ ಶುಲ್ಕ) ಕಟ್ಟದೆ, ಪ್ರತಿಗಳನ್ನು ಕೊಡದೆ ದಿನಾಂಕ ದಾಟಿಸುತ್ತಿದ್ದಾರೆಯೇ? ಕಟ್ಟಿದ ಮೇಲೂ ಕಾಗದ ಕಚೇರಿಯಿಂದ ಸಮನ್ಸ್ ಜಾರಿ ನೋಡಿಕೊಳ್ಳುವ ನಾಜರ್ ಶಾಖೆಗೆ ಹೋಗಲು ಎಷ್ಟು ದಿನ ತಗಲುತ್ತಿದೆ? ಅಲ್ಲಿ ಸಮನ್ಸ್ ಮುಟ್ಟಿಸುವ ಅಮೀನರು ಮತ್ತು ಪ್ರೊಸೆಸ್ ಸರ್ವರ್‌ಗಳ ಮಂಜೂರಾದ ಹುದ್ದೆಗಳೆಷ್ಟು, ಕೆಲಸದಲ್ಲಿರುವವರೆಷ್ಟು, ಒಬ್ಬೊಬ್ಬರ ಪಾಲಿಗೆ ಎಷ್ಟು ಹಳ್ಳಿಗಳು? ಮರಳಿ ಬಂದ ಸಮನ್ಸ್‌ಗಳ ಮೇಲಿನ ಷರಾಗಳನ್ನು (ಕಾರಣದ ಟಿಪ್ಪಣಿಗಳನ್ನು) ಎಣಿಸಿದ್ದೀರಾ? "ಮನೆಗೆ ಬೀಗ", "ಊರಲ್ಲಿಲ್ಲ", "ವಿಳಾಸ ಸರಿಯಿಲ್ಲ" ಎಂಬ ಮೂರೂ ಬೇರೆಬೇರೆ ರೋಗಗಳು. ವಿಳಾಸ ತಪ್ಪಿದ್ದರೆ ತಿದ್ದಬೇಕಾದದ್ದು ವಾದಪತ್ರ, ಬೀಗದ ಮನೆಗೆ ಬೇಕಾದದ್ದು ಬೇರೆ ಹೊತ್ತಿನಲ್ಲಿ ಇನ್ನೊಂದು ಭೇಟಿ, ಮತ್ತೆಮತ್ತೆ ಒಬ್ಬನೇ ಪ್ರತಿವಾದಿಯ ಬಗ್ಗೆ ಒಂದೇ ಷರಾ ಬರುತ್ತಿದ್ದರೆ ಬೇಕಾದದ್ದು ವಿಚಾರಣೆ. ಸಮನ್ಸ್ ಜಾರಿಯನ್ನು ಕುರಿತ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೆಯ ಆದೇಶ 2002ರ ತಿದ್ದುಪಡಿಯ ನಂತರ ಸ್ಪೀಡ್ ಪೋಸ್ಟ್, ಕೊರಿಯರ್ ಮೊದಲಾದ ಮಾರ್ಗಗಳನ್ನು ತೆರೆದಿದೆ. ಇ-ಕೋರ್ಟ್ಸ್ ಯೋಜನೆಯ ಎನ್‌ಸ್ಟೆಪ್ ವ್ಯವಸ್ಥೆಯಲ್ಲಿ ಜಾರಿದಾರರು ಹೋದ ಸ್ಥಳ ಮತ್ತು ಸಮಯ ಮೊಬೈಲ್‌ನಲ್ಲಿಯೇ ದಾಖಲಾಗುತ್ತದೆ. ನಿಮ್ಮಲ್ಲಿ ಇವು ಬಳಕೆಯಲ್ಲಿವೆಯೇ, ಇಲ್ಲದಿದ್ದರೆ ತಡೆ ಯಾವುದು? ಮೂರು ತಿಂಗಳ ಸಮನ್ಸ್‌ಗಳ ಲೆಕ್ಕವನ್ನು ಈ ರೀತಿ ಬಿಡಿಸಿ ಇಟ್ಟ ಒಂದು ಪುಟದ ಟಿಪ್ಪಣಿಯಿಂದ ಬರುವ ನಿರ್ಣಯ ತಾನಾಗಿಯೇ ಹೀಗಿರುತ್ತದೆ: ಶುಲ್ಕ ಕಟ್ಟಿದ ಇಷ್ಟು ದಿನಗಳೊಳಗೆ ಕಾಗದ ನಾಜರ್ ಶಾಖೆ ತಲುಪಬೇಕು, ಜಾರಿಯಾಗದೆ ಮರಳಿದವುಗಳ ಷರಾವಾರು ತಖ್ತೆಯನ್ನು ಶಿರಸ್ತೇದಾರರು ತಿಂಗಳ ಮೊದಲ ವಾರ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಮುಂದಿಡಬೇಕು, ಇಷ್ಟು ಖಾಲಿ ಹುದ್ದೆಗಳನ್ನು ಇಂಥ ದಿನಾಂಕದೊಳಗೆ ತುಂಬಬೇಕು. ಯಾರು, ಏನನ್ನು, ಯಾವಾಗ ಎಂಬ ಮೂರೂ ಅದರಲ್ಲಿ ಇವೆ. ಮುಂದಿನ ಸಭೆಯಲ್ಲಿ ಆಯಿತೋ ಇಲ್ಲವೋ ಎಂದು ಕೇಳಬಹುದು.

ಆ ಕೇಳುವ ಕೆಲಸಕ್ಕೆ ಆಡಳಿತದ ಭಾಷೆಯಲ್ಲಿ ಅನುಪಾಲನಾ ವರದಿ ಎಂದು ಹೆಸರು, ಮತ್ತು ನಮ್ಮ ಸಮ್ಮೇಳನಗಳು ಸೊರಗುವುದು ಇಲ್ಲಿಯೇ. ಮುಖ್ಯ ನ್ಯಾಯಮೂರ್ತಿಗಳ ಅಧಿಕಾರಾವಧಿ ಹಲವು ಬಾರಿ ತಿಂಗಳುಗಳ ಲೆಕ್ಕದ್ದು. ಸಮ್ಮೇಳನ ಕರೆದವರು ಒಬ್ಬರು, ವರದಿ ಬರುವ ಹೊತ್ತಿಗೆ ಕುರ್ಚಿಯಲ್ಲಿರುವವರು ಇನ್ನೊಬ್ಬರು, ಅವರ ಆದ್ಯತೆಗಳು ಬೇರೆ. ಅನುಪಾಲನೆ ವ್ಯಕ್ತಿಗೆ ಅಂಟಿಕೊಳ್ಳದೆ ಕಚೇರಿಗೆ ಅಂಟಿಕೊಳ್ಳಬೇಕಾದರೆ, ನಿರ್ಣಯಗಳ ಒಂದು ವಹಿಯನ್ನು ರಿಜಿಸ್ಟ್ರಿಯ ನಿರ್ದಿಷ್ಟ ಅಧಿಕಾರಿಯೊಬ್ಬರ ವಶದಲ್ಲಿಟ್ಟು, ಪ್ರತಿ ತ್ರೈಮಾಸಿಕದಲ್ಲಿ ಅದನ್ನು ಫುಲ್ ಕೋರ್ಟ್ ಅಥವಾ ಆಡಳಿತ ಸಮಿತಿಯ ಮುಂದಿಡುವ ಪದ್ಧತಿ ಬೇಕು. ಇದಕ್ಕೆ ಖರ್ಚೂ ಇಲ್ಲ, ಶಾಸನವೂ ಬೇಕಿಲ್ಲ. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಈಗ ಪ್ರತಿ ತಾಲ್ಲೂಕು ನ್ಯಾಯಾಲಯದ ಬಾಕಿಯನ್ನೂ ವಯಸ್ಸುವಾರು ಯಾರು ಬೇಕಾದರೂ ನೋಡಬಹುದಾದ್ದರಿಂದ, ಬಾಕಿಗೆ ಸಂಬಂಧಿಸಿದ ನಿರ್ಣಯಗಳ ಮಟ್ಟಿಗಾದರೂ ಪರಿಶೀಲನೆ ಮೊದಲಿಗಿಂತ ಸುಲಭವಾಗಿದೆ.

ಕೊನೆಯದಾಗಿ ನಿಮ್ಮಂಥವರು ವಿಷಯ ಮುಟ್ಟಿಸುವ ದಾರಿ. ದೆಹಲಿಯ ಸಮ್ಮೇಳನಕ್ಕೆ ವಕೀಲರು ನೇರವಾಗಿ ಬರೆದರೆ ಪತ್ರ ಎಲ್ಲೋ ಸೇರಿಹೋಗುತ್ತದೆ. ನಿಮ್ಮ ವಕೀಲರ ಸಂಘದಿಂದ ಒಂದು ಗೊತ್ತುವಳಿ ಮಾಡಿ, ಮೇಲೆ ಹೇಳಿದಂತೆ ಬಿಡಿಸಿದ ಲೆಕ್ಕವನ್ನು ಅದಕ್ಕೆ ಲಗತ್ತಿಸಿ, ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಕೊಡಿ. ಪ್ರತಿಯನ್ನು ಉಚ್ಚ ನ್ಯಾಯಾಲಯದ ರಿಜಿಸ್ಟ್ರಾರ್ ಜನರಲ್ ಅವರಿಗೂ, ನಿಮ್ಮ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿಗಳು ತಪಾಸಣೆಗೆ ಬಂದಾಗ ಅವರಿಗೂ ಸಲ್ಲಿಸಿ. ಯಾವುದೇ ನಿರ್ದಿಷ್ಟ ದಾವೆಯ ಅಥವಾ ನ್ಯಾಯಾಧೀಶರ ಹೆಸರು ಅದರಲ್ಲಿ ಬರಬಾರದು, ಬಂದರೆ ಆಡಳಿತದ ಸಲಹೆ ದೂರಾಗಿ ಮಾರ್ಪಟ್ಟು ಬೇರೆ ಶಾಖೆಗೆ ಹೋಗುತ್ತದೆ. ಹಿಂದಿನ ರಾಜ್ಯಮಟ್ಟದ ಸಭೆಯಲ್ಲಿ ಈ ಬಗ್ಗೆ ಏನು ತೀರ್ಮಾನವಾಗಿತ್ತು, ಅದರ ಅನುಪಾಲನೆ ಏನಾಯಿತು ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಉಚ್ಚ ನ್ಯಾಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಬಹುದು. ಭಾರತದ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಆ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆಂದು ಸಂವಿಧಾನ ಪೀಠ 2019ರ ನವೆಂಬರ್ 13ರಂದು ತೀರ್ಪು ಕೊಟ್ಟಿದೆ. ಅರ್ಜಿಯಲ್ಲಿ ಅಭಿಪ್ರಾಯ ಕೇಳಬೇಡಿ. ನಡಾವಳಿಯ ಪ್ರತಿ, ಹೊರಡಿಸಿದ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ, ಜಿಲ್ಲೆಯಿಂದ ಬಂದ ಅನುಪಾಲನಾ ವರದಿಯ ಪ್ರತಿ, ಇಷ್ಟನ್ನೇ ಕೇಳಿ. ಸುತ್ತೋಲೆ ಇದ್ದೂ ಅನುಪಾಲನಾ ವರದಿ ಇಲ್ಲ ಎಂಬ ಉತ್ತರ ಬಂದರೆ, ಆ ಉತ್ತರವನ್ನೇ ನಿಮ್ಮ ಗೊತ್ತುವಳಿಗೆ ಮೊದಲ ಲಗತ್ತಾಗಿ ಸೇರಿಸಿ.